ಬಿಳಿನೊಣಕ್ಕೆ ಪರಾವಲಂಬಿ ಕಣಜ: ಎಲೆಯಡಿಯಲ್ಲಿ ಏನು ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ

ಟೊಮೆಟೊ ಗಿಡದ ಕೆಳಗಿನ ಎಲೆಯೊಂದನ್ನು ಮಗುಚಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿ. ಬಿಳಿನೊಣ ಬಿದ್ದ ಗಿಡವಾದರೆ ನರಗಳ ನಡುವೆ ಮಾಸಲು ಬಿಳಿ ಬಣ್ಣದ, ಮೊಟ್ಟೆಯಾಕಾರದ ಸಣ್ಣ ಹುರುಪೆಗಳು ಅಂಟಿಕೊಂಡಿರುತ್ತವೆ. ಅವು ಬಿಳಿನೊಣದ ಮರಿಗಳು. ಅವುಗಳ ಮಧ್ಯೆ ಅಷ್ಟೇ ಗಾತ್ರದ, ಆದರೆ ಅಚ್ಚ ಕಪ್ಪು ಹುರುಪೆಗಳೂ ಕಂಡರೆ ಅವುಗಳೊಳಗೆ ಬಿಳಿನೊಣ ಉಳಿದಿಲ್ಲ ಎಂದೇ ಅರ್ಥ. ಅದನ್ನು ಒಳಗಿನಿಂದ ತಿಂದು ಮುಗಿಸಿದ ಕಣಜವೊಂದು ಆ ಚರ್ಮದೊಳಗೇ ಕೋಶಾವಸ್ಥೆಯಲ್ಲಿದೆ.

ಈ ಕಣಜದ ಉದ್ದ ಸುಮಾರು 0.6 ಮಿಲಿಮೀಟರ್. ಅದು ಗೂಡು ಕಟ್ಟುವುದಿಲ್ಲ, ಮನುಷ್ಯರನ್ನು ಕುಟುಕುವುದಿಲ್ಲ, ಗಿಡಕ್ಕೆ ಹಾನಿ ಮಾಡುವುದಿಲ್ಲ. ಬಿಳಿನೊಣದ ಹತೋಟಿಗೆ ಇದನ್ನು ಬಳಸಲು ಶುರುಮಾಡಿ ನೂರು ವರ್ಷವಾಗುತ್ತ ಬಂತು. ಆದರೂ ‘ಕಣಜ ಬಿಟ್ಟೆವು, ಏನೂ ಪ್ರಯೋಜನವಾಗಲಿಲ್ಲ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಕಾರಣ ಹುಡುಕುತ್ತ ಹೋದರೆ ಬಹುತೇಕ ಎರಡರಲ್ಲೊಂದು ಸಿಗುತ್ತದೆ: ಕಣಜವನ್ನು ತಡವಾಗಿ ಬಿಟ್ಟಿರುತ್ತಾರೆ, ಇಲ್ಲವೇ ಕೀಟನಾಶಕದ ಉಳಿಕೆ ಇನ್ನೂ ಹೋಗದ ಎಲೆಯ ಮೇಲೆ ಬಿಟ್ಟಿರುತ್ತಾರೆ. ಇದು ಯಾಕೆ ಇಷ್ಟು ನಿರ್ಣಾಯಕ ಎಂಬುದು ಎರಡೂ ಕೀಟಗಳ ದಿನಗಣನೆ ಗೊತ್ತಾದರೆ ತಾನಾಗಿ ತಿಳಿಯುತ್ತದೆ.

ಬಿಳಿನೊಣ ಬೆಳೆಯುವ ಬಗೆ

ಬಿಳಿನೊಣ ಸಸ್ಯಹೇನು, ಹಿಟ್ಟುತಿಗಣೆಗಳ ಬಳಗಕ್ಕೆ ಸೇರಿದ ರಸ ಹೀರುವ ಕೀಟ. ಜಗತ್ತಿನಲ್ಲಿ 1500ಕ್ಕೂ ಹೆಚ್ಚು ಪ್ರಭೇದಗಳಿವೆ. ತರಕಾರಿ, ಹೂವಿನ ಬೆಳೆಗಳಲ್ಲಿ ಹೆಚ್ಚು ಕಾಡುವವು ಎರಡು: ಹಸಿರುಮನೆ ಬಿಳಿನೊಣ, ಅಂದರೆ ಟ್ರಯಲ್ಯೂರೋಡಿಸ್ ವೇಪರೇರಿಯೋರಮ್, ಮತ್ತು ಹತ್ತಿ, ಟೊಮೆಟೊ, ಗೆಣಸು, ಕುಂಬಳ ಜಾತಿಯ ಬೆಳೆಗಳಿಗೆಲ್ಲ ಬೀಳುವ ಬೆಮಿಸಿಯಾ ಟಬಾಸಿ.

ಹೆಣ್ಣು ಎಳೆಯ ಎಲೆಗಳ ಅಡಿಯಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಹೊರಬಂದ ಮರಿ ಕೆಲವು ಗಂಟೆ ತೆವಳಾಡಿ, ಹಿಡಿಸಿದ ಜಾಗದಲ್ಲಿ ಕೊಂಡಿ ಚುಚ್ಚಿ ಕೂರುತ್ತದೆ. ಅಲ್ಲಿಂದ ಮುಂದೆ ಎರಡು, ಮೂರು, ನಾಲ್ಕನೇ ಹಂತಗಳಲ್ಲಿ ಅದು ಕದಲುವುದೇ ಇಲ್ಲ. ನಾಲ್ಕನೇ ಹಂತದ ಕೊನೆಯಲ್ಲಿ ತಿನ್ನುವುದನ್ನು ನಿಲ್ಲಿಸಿ ಒಳಗೇ ರೂಪ ಬದಲಿಸುತ್ತದೆ. ಆಗ ಚರ್ಮದ ಮೂಲಕ ಎರಡು ಕೆಂಪು ಕಣ್ಣುಗಳು ಕಾಣುತ್ತವೆ. ಬೆನ್ನ ಮೇಲೆ ಇಂಗ್ಲಿಷಿನ ‘ಟಿ’ ಅಕ್ಷರದಂತೆ ಸೀಳು ಬಿಟ್ಟು ರೆಕ್ಕೆಯ ಕೀಟ ಹೊರಬರುತ್ತದೆ. ಹಸಿರುಮನೆ ಬಿಳಿನೊಣಕ್ಕೆ 21–22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊಟ್ಟೆಯಿಂದ ಇಲ್ಲಿಯವರೆಗೆ ಸುಮಾರು ನಾಲ್ಕು ವಾರ ಬೇಕು. ಬೆಮಿಸಿಯಾಕ್ಕೆ 27–28 ಡಿಗ್ರಿಯಲ್ಲಿ ಮೂರು ವಾರ ಸಾಕು.

ಗಿಡ ಮೇಲೆ ಬೆಳೆಯುತ್ತ ಹೋದಂತೆ ಹೆಣ್ಣು ಹೊಸ ಎಲೆ ಹುಡುಕುತ್ತ ಮೇಲೇರುತ್ತದೆ. ಹಾಗಾಗಿ ತುದಿಯ ಎಲೆಗಳಲ್ಲಿ ರೆಕ್ಕೆಯ ಕೀಟ ಮತ್ತು ಮೊಟ್ಟೆ, ನಡುವಿನಲ್ಲಿ ಎಳೆ ಮರಿ, ಕೆಳಗೆ ಬಲಿತ ಮರಿ ಹಾಗೂ ಖಾಲಿ ಸಿಪ್ಪೆ ಎಂದು ಗಿಡವೇ ಮಹಡಿ ಮಹಡಿಯಾಗಿ ಹಂಚಿಕೊಂಡಿರುತ್ತದೆ. ಈ ಹಂಚಿಕೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕಣಜದ ಕೋಶಗಳನ್ನು ಅಂಟಿಸಿದ ರಟ್ಟಿನ ಕಾರ್ಡನ್ನು ಎಲ್ಲಿ ನೇತುಹಾಕಬೇಕು, ಯಾವ ಎಲೆ ಕೀಳಬಾರದು, ಲೆಕ್ಕಕ್ಕೆ ಯಾವ ಎಲೆ ತೆಗೆಯಬೇಕು ಎಂಬುದೆಲ್ಲ ಇದರ ಮೇಲೇ ನಿಂತಿದೆ.

ರಸ ಹೀರುವುದರ ಜೊತೆಗೆ ಬಿಳಿನೊಣ ಸಿಹಿಯಾದ ಅಂಟು ದ್ರವವನ್ನು ಹೊರಹಾಕುತ್ತದೆ. ಅದರ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆಗೆ ಬಿಸಿಲು ತಾಗದಂತಾಗುತ್ತದೆ, ಕಾಯಿಯ ಅಂದ ಕೆಡುತ್ತದೆ. ಬೆಮಿಸಿಯಾ ಇದಕ್ಕಿಂತ ದೊಡ್ಡ ಕೆಡುಕು ಮಾಡುತ್ತದೆ: ಟೊಮೆಟೊ ಹಳದಿ ಎಲೆ ಮುದುಡು ರೋಗದಂಥ ನಂಜುರೋಗಗಳನ್ನು ಗಿಡದಿಂದ ಗಿಡಕ್ಕೆ ಹರಡುತ್ತದೆ.

ಎನ್ಕಾರ್ಸಿಯ ಫಾರ್ಮೋಸ ಬೇಟೆಯಾಡುವ ರೀತಿ

ಈ ಕೆಲಸಕ್ಕೆ ಅತಿ ಹೆಚ್ಚು ಬಳಕೆಯಾಗಿರುವ ಕಣಜ ಎನ್ಕಾರ್ಸಿಯ ಫಾರ್ಮೋಸ. ತಲೆ, ಎದೆ ಕಪ್ಪು, ಹೊಟ್ಟೆ ಹಳದಿ. ಬಹುತೇಕ ಎಲ್ಲವೂ ಹೆಣ್ಣೇ. ಇವುಗಳ ದೇಹದೊಳಗೆ ವಾಸಿಸುವ ವೋಲ್ಬಾಕಿಯ ಎಂಬ ಬ್ಯಾಕ್ಟೀರಿಯ ಗಂಡಿನ ನೆರವಿಲ್ಲದೆಯೇ ಹೆಣ್ಣು ಮರಿಗಳು ಹುಟ್ಟುವಂತೆ ಮಾಡುತ್ತದೆ. ಪ್ರಯೋಗಾಲಯದಲ್ಲಿ ಆ್ಯಂಟಿಬಯೋಟಿಕ್ ತಿನ್ನಿಸಿ ಬ್ಯಾಕ್ಟೀರಿಯವನ್ನು ಕೊಂದರೆ ಗಂಡುಗಳು ಹುಟ್ಟುತ್ತವೆ. ಬೆಳೆಗಾರರಿಗೆ ಇದರಿಂದ ನೇರ ಲಾಭವಿದೆ: ಬಿಟ್ಟ ಪ್ರತಿ ಕಣಜವೂ ಮೊಟ್ಟೆ ಇಡುವಂಥದೇ, ಜೋಡಿ ಹುಡುಕುವುದರಲ್ಲಿ ಅದರ ಸಮಯ ಹೋಗುವುದಿಲ್ಲ.

ಕಣಜ ಎಲೆಯಿಂದ ಎಲೆಗೆ ಹಾರುತ್ತದೆ, ಆದರೆ ಎಲೆಯ ಮೇಲೆ ನಡೆದೇ ಹುಡುಕುತ್ತದೆ. ಮೀಸೆಗಳನ್ನು ಎಲೆಗೆ ತಟ್ಟುತ್ತ ಓಡಾಡುವಾಗ ಮರಿಯೊಂದು ಎದುರಾದರೆ ನಿಂತು, ಅದರ ಮೈಮೇಲೆಲ್ಲ ಮೀಸೆಯಿಂದ ತಡವಿ ಪರೀಕ್ಷಿಸುತ್ತದೆ. ಯಾವ ಹಂತದ್ದು, ಬೇರೆ ಕಣಜ ಆಗಲೇ ಮೊಟ್ಟೆ ಇಟ್ಟಿದೆಯೇ ಎಂಬುದು ಅದಕ್ಕೆ ಸಾಕಷ್ಟು ಮಟ್ಟಿಗೆ ತಿಳಿಯುತ್ತದೆ. ಒಪ್ಪಿಗೆಯಾದರೆ ಹಿಂದಕ್ಕೆ ತಿರುಗಿ ಅಂಡನಾಳವನ್ನು ಚುಚ್ಚಿ ಒಂದೇ ಮೊಟ್ಟೆ ಇಡುತ್ತದೆ. ಒಂದು ಮರಿಗೆ ಇದೆಲ್ಲ ಸೇರಿ ಕೆಲವು ನಿಮಿಷ ಹಿಡಿಯುತ್ತದೆ. ಒಂದು ಮರಿ ಸಿಕ್ಕ ಎಲೆಯಲ್ಲಿ ಅದು ಹೆಚ್ಚು ಹೊತ್ತು ಉಳಿಯುತ್ತದೆ. ಏನೂ ಸಿಗದಿದ್ದರೆ ಬೇಗ ಜಾಗ ಬಿಡುತ್ತದೆ.

ಮೊಟ್ಟೆ ಇಡಲು ಅದು ಬಯಸುವುದು ಮೂರನೇ ಹಂತ ಮತ್ತು ನಾಲ್ಕನೇ ಹಂತದ ಮೊದಲ ಭಾಗದ ಮರಿಗಳನ್ನು. ತೆವಳುವ ಮರಿ, ಬಿಳಿನೊಣದ ಮೊಟ್ಟೆ, ಹಾರುವ ಕೀಟ ಇವುಗಳ ತಂಟೆಗೆ ಹೋಗುವುದಿಲ್ಲ. ಇನ್ನು ಕೆಲವು ಮರಿಗಳನ್ನು ಅದು ಮೊಟ್ಟೆಗೆ ಬಳಸದೆ, ಅಂಡನಾಳದಿಂದ ಚುಚ್ಚಿ ಒಸರುವ ರಸವನ್ನು ಕುಡಿಯುತ್ತದೆ. ತನ್ನ ಮುಂದಿನ ಮೊಟ್ಟೆಗಳಿಗೆ ಬೇಕಾದ ಪ್ರೋಟೀನ್ ಅದಕ್ಕೆ ಸಿಗುವುದು ಹೀಗೆ. ಹಾಗೆ ಚುಚ್ಚಿದ ಮರಿ ಬತ್ತಿ ಚಪ್ಪಟೆಯಾಗಿ ಸಾಯುತ್ತದೆ, ಕಪ್ಪಾಗುವುದಿಲ್ಲ. ದಿನಕ್ಕೆ 8ರಿಂದ 10 ಮೊಟ್ಟೆ, ಜೊತೆಗೆ ಎರಡು ಮೂರು ಮರಿಗಳ ಊಟ: ಒಂದು ಕಣಜದ ದಿನದ ದುಡಿಮೆ ಹೆಚ್ಚುಕಡಿಮೆ ಇಷ್ಟು.

ಮೊಟ್ಟೆ ಇಟ್ಟ ಮೇಲೂ ಬಿಳಿನೊಣದ ಮರಿ ತಕ್ಷಣ ಸಾಯುವುದಿಲ್ಲ. ರಸ ಹೀರುತ್ತ ನಾಲ್ಕನೇ ಹಂತದವರೆಗೆ ಬೆಳೆಯುತ್ತದೆ; ಒಳಗೆ ಕಣಜದ ಹುಳುವೂ ಬೆಳೆಯುತ್ತಿರುತ್ತದೆ. ಕೊನೆಗೆ ಒಳಗಿನದನ್ನೆಲ್ಲ ತಿಂದು ಕಣಜ ಕೋಶವಾಗುತ್ತದೆ. ಹಸಿರುಮನೆ ಬಿಳಿನೊಣವಾದರೆ ಸುಮಾರು 10ನೇ ದಿನಕ್ಕೆ ಚರ್ಮ ಕಪ್ಪಾಗುತ್ತದೆ, ಮತ್ತೆ ಸುಮಾರು 10 ದಿನಕ್ಕೆ ಬೆನ್ನ ಮುಂಭಾಗದಲ್ಲಿ ದುಂಡನೆಯ ತೂತು ಕೊರೆದು ಕಣಜ ಹೊರಬರುತ್ತದೆ. ಇದು 22–23 ಡಿಗ್ರಿಯ ಲೆಕ್ಕ. 26 ಡಿಗ್ರಿಯಲ್ಲಿ ಒಟ್ಟು 15 ದಿನಕ್ಕೆ ಇಳಿಯುತ್ತದೆ. ಬೆಮಿಸಿಯಾದ ಮರಿಯಲ್ಲಿ ಬೆಳೆದರೆ ಚರ್ಮ ಕಪ್ಪಾಗುವ ಬದಲು ತಿಳಿ ಕಂದು ಬಣ್ಣಕ್ಕೆ ತಿರುಗುತ್ತದೆ, ಒಳಗಿನ ಕಣಜ ಹೊರಗಿನಿಂದಲೇ ಮಸುಕಾಗಿ ಕಾಣುತ್ತದೆ. ಕಪ್ಪು ಮಾತ್ರ ಹುಡುಕುವವರು ಇಲ್ಲಿ ಮೋಸಹೋಗುತ್ತಾರೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಗೆಹರಿಸಿಕೊಳ್ಳೋಣ. ಹಸಿರುಮನೆ ಬಿಳಿನೊಣದ ಮೊಟ್ಟೆಗಳೂ ಒಡೆಯುವ ಮುಂಚೆ ಕಪ್ಪಾಗುತ್ತವೆ. ಆದರೆ ಅವು 0.2 ಮಿಲಿಮೀಟರಿನ, ಎಲೆಗೆ ನೆಟ್ಟಗೆ ನಿಂತ ಕಡ್ಡಿಗಳಂತಿರುತ್ತವೆ ಮತ್ತು ಗಿಡದ ಮೇಲ್ಭಾಗದಲ್ಲಿರುತ್ತವೆ. ಕಣಜವಿರುವ ಕಪ್ಪು ಹುರುಪೆ ಚಪ್ಪಟೆ, ಅಂಡಾಕಾರ, ಕೆಳಗಿನ ಎಲೆಗಳಲ್ಲಿ.

ಯಾವ ಬಿಳಿನೊಣಕ್ಕೆ ಯಾವ ಕಣಜ

ಮೊದಲು ಬಿಳಿನೊಣ ಯಾವುದೆಂದು ಗುರುತಿಸಬೇಕು. ಹಸಿರುಮನೆ ಬಿಳಿನೊಣ ಕೂತಾಗ ರೆಕ್ಕೆಗಳನ್ನು ಬೆನ್ನ ಮೇಲೆ ಬಹುಪಾಲು ಚಪ್ಪಟೆಯಾಗಿ, ಒಂದರ ಮೇಲೊಂದು ಬರುವಂತೆ ಇಟ್ಟುಕೊಳ್ಳುತ್ತದೆ. ಮೇಲಿನಿಂದ ತ್ರಿಕೋನದಂತೆ ಕಾಣುತ್ತದೆ. ಬೆಮಿಸಿಯಾ ಚಿಕ್ಕದು, ಮೈ ಹೆಚ್ಚು ಹಳದಿ, ರೆಕ್ಕೆಗಳನ್ನು ಮಾಡಿನಂತೆ ಇಳಿಜಾರಾಗಿ ಹಿಡಿಯುತ್ತದೆ, ಎರಡರ ನಡುವೆ ಸಣ್ಣ ಸಂದು ಇರುತ್ತದೆ. ಇದಕ್ಕಿಂತ ನಂಬಿಕೆಯ ಗುರುತು ನಾಲ್ಕನೇ ಹಂತದ ಮರಿ: ಹಸಿರುಮನೆ ಬಿಳಿನೊಣದ್ದು ಎಲೆಯಿಂದ ಮೇಲೆದ್ದು ನೇರ ಗೋಡೆಯುಳ್ಳ ಪುಟ್ಟ ಡಬ್ಬಿಯಂತಿದ್ದು ಅಂಚಿನಲ್ಲಿ ಮೇಣದ ಎಳೆಗಳಿರುತ್ತವೆ, ಬೆಮಿಸಿಯಾದ್ದು ಎಲೆಗೆ ಒತ್ತಿಕೊಂಡಂತೆ ಚಪ್ಪಟೆ, ಹಳದಿ, ಅಂಚು ಎಲೆಯ ಕಡೆಗೆ ಇಳಿಜಾರು.

ಹಸಿರುಮನೆ ಬಿಳಿನೊಣಕ್ಕೆ ಎನ್ಕಾರ್ಸಿಯ ಫಾರ್ಮೋಸ ಚೆನ್ನಾಗಿ ಹೊಂದುತ್ತದೆ. ಬೆಮಿಸಿಯಾ ಮೇಲೆ ಅದು ಕೆಲಸ ಮಾಡಿದರೂ ಅಷ್ಟು ಬಿರುಸಾಗಿ ಅಲ್ಲ. ಅಲ್ಲಿ ಎರೆಟ್ಮೋಸೆರಸ್ ಎಂಬ ಇನ್ನೊಂದು ಬಳಗದ ಕಣಜ ಮುಂದು. ಉತ್ತರ ಅಮೆರಿಕದ ನೈಋತ್ಯ ಮರುಭೂಮಿಯ ಮೂಲದ ಎರೆಟ್ಮೋಸೆರಸ್ ಎರೆಮಿಕಸ್ ಎರಡೂ ಬಿಳಿನೊಣಗಳ ಮೇಲೆ ಬದುಕುತ್ತದೆ, ಸೆಕೆಯನ್ನು ಎನ್ಕಾರ್ಸಿಯಕ್ಕಿಂತ ಚೆನ್ನಾಗಿ ತಡೆಯುತ್ತದೆ. ಮೆಡಿಟರೇನಿಯನ್ ಸುತ್ತಿನ ಎರೆಟ್ಮೋಸೆರಸ್ ಮುಂಡಸ್ ಮುಖ್ಯವಾಗಿ ಬೆಮಿಸಿಯಾವನ್ನೇ ಹುಡುಕುತ್ತದೆ.

ಎರೆಟ್ಮೋಸೆರಸ್‌ನ ವಿಧಾನವೇ ಬೇರೆ. ಅದು ಮೊಟ್ಟೆಯನ್ನು ಮರಿಯೊಳಗೆ ಚುಚ್ಚುವುದಿಲ್ಲ. ಮರಿ ಮತ್ತು ಎಲೆಯ ನಡುವಿನ ಸಂದಿನಲ್ಲಿ, ಮರಿಯ ಹೊಟ್ಟೆಯ ಕೆಳಗೆ ಇಡುತ್ತದೆ. ಮೊಟ್ಟೆ ಒಡೆದ ಹುಳು ಕೆಳಗಿನಿಂದ ಕೊರೆದು ಒಳಸೇರುತ್ತದೆ. ಎರಡನೇ ಹಂತ ಮತ್ತು ಮೂರನೇ ಹಂತದ ಮೊದಲ ಭಾಗದ ಮರಿಗಳು ಇದಕ್ಕೆ ಇಷ್ಟ. ಇದರಲ್ಲಿ ಗಂಡು ಹೆಣ್ಣು ಎರಡೂ ಇರುತ್ತವೆ, ಹೆಚ್ಚುಕಡಿಮೆ ಸಮವಾಗಿ. ಹಾಗಾಗಿ ಕೊಂಡ ಸಂಖ್ಯೆಯಲ್ಲಿ ಅರ್ಧ ಮಾತ್ರ ಮೊಟ್ಟೆ ಇಡುತ್ತದೆ ಎಂದು ಲೆಕ್ಕ ಹಿಡಿಯಬೇಕು. ಇದು ಹೊಕ್ಕ ಮರಿ ಕಪ್ಪಾಗುವುದಿಲ್ಲ. ಉಬ್ಬಿಕೊಂಡು ಹೊಂಬಣ್ಣಕ್ಕೆ ಅಥವಾ ತಿಳಿ ಕಂದಿಗೆ ತಿರುಗುತ್ತದೆ. ಉಷ್ಣಾಂಶ ಏರುಪೇರಾಗುವ ಕಡೆ, ಎರಡೂ ಬಿಳಿನೊಣ ಬೆರೆತಿರುವ ಕಡೆ ಎರಡೂ ಕಣಜಗಳನ್ನು ಒಟ್ಟಿಗೆ ಬಿಡುವ ರೂಢಿಯಿದೆ, ಅದು ಸರಿಯಾದ ರೂಢಿಯೂ ಹೌದು.

ಎನ್ಕಾರ್ಸಿಯ ಬಳಗದ ಎಲ್ಲವೂ ಒಂದೇ ರೀತಿ ಬದುಕುವುದಿಲ್ಲ ಎಂಬುದನ್ನೂ ಹೇಳಬೇಕು. ಎನ್ಕಾರ್ಸಿಯ ಸೋಫಿಯದಂಥ ಪ್ರಭೇದಗಳಲ್ಲಿ ಹೆಣ್ಣು ಮರಿ ಬಿಳಿನೊಣದೊಳಗೆ ಬೆಳೆದರೆ, ಗಂಡು ಮರಿ ಬೆಳೆಯುವುದು ಬಿಳಿನೊಣದೊಳಗೆ ಆಗಲೇ ಇರುವ ಕಣಜದ ಹುಳುವಿನ ಮೇಲೆ. ಆ ಹುಳು ತನ್ನ ಜಾತಿಯದೇ ಇರಬಹುದು, ಬೇರೆಯದೂ ಇರಬಹುದು. ಆದ್ದರಿಂದ ಸಿಕ್ಕ ಸಿಕ್ಕ ಕಣಜಗಳನ್ನೆಲ್ಲ ಬೆರೆಸಿದರೆ ಒಂದು ಇನ್ನೊಂದರ ಸಂಖ್ಯೆಯನ್ನು ತಗ್ಗಿಸಬಹುದು.

ತಡವಾದರೆ ಯಾಕೆ ಆಗುವುದಿಲ್ಲ

ಲೆಕ್ಕ ಹಾಕಿ ನೋಡೋಣ. ಒಂದು ಗಿಡದಲ್ಲಿ 20 ಬಿಳಿನೊಣಗಳಿವೆ, ಅರ್ಧ ಹೆಣ್ಣು ಎನ್ನಿ. ಹೆಣ್ಣೊಂದು ದಿನಕ್ಕೆ 5 ಮೊಟ್ಟೆ ಇಟ್ಟರೂ ಆ ಗಿಡಕ್ಕೆ ದಿನಕ್ಕೆ 50 ಮೊಟ್ಟೆ ಸೇರುತ್ತದೆ. ಕಣಜವೊಂದು ಮೊಟ್ಟೆ ಮತ್ತು ಊಟ ಸೇರಿ ದಿನಕ್ಕೆ 12 ಮರಿಗಳನ್ನು ಮುಗಿಸುತ್ತದೆ ಎಂದರೂ, ಬರೀ ಸರಿದೂಗಿಸಲಿಕ್ಕೇ ಗಿಡಕ್ಕೆ ನಾಲ್ಕು ಕಣಜ ಪ್ರತಿದಿನ ಪೂರ್ತಿ ದುಡಿಯಬೇಕು. ಚದರ ಮೀಟರಿಗೆ ಎರಡೂವರೆ ಗಿಡ, ಮೂರು ಕಣಜ ಎಂಬ ಸಾಮಾನ್ಯ ಪ್ರಮಾಣದಲ್ಲಿ ಗಿಡಕ್ಕೆ ಸಿಗುವುದು ಒಂದು ಚಿಲ್ಲರೆ. ಅದರ ಬದಲು ಹತ್ತು ಗಿಡಕ್ಕೆ ಒಂದು ಬಿಳಿನೊಣ ಇದ್ದಾಗಲೇ ಬಿಟ್ಟಿದ್ದರೆ ಇಷ್ಟೇ ಕಣಜ ಧಾರಾಳವಾಗಿ ಸಾಕಾಗುತ್ತಿತ್ತು.

ಸಂಖ್ಯೆಯೊಂದೇ ಅಲ್ಲ. ಬಿಳಿನೊಣ ಹೆಚ್ಚಾದಾಗ ಎಲೆಯ ಮೇಲೆಲ್ಲ ಅಂಟು ಹರಡಿರುತ್ತದೆ. ನಡೆದು ಹುಡುಕುವ ಕಣಜಕ್ಕೆ ಕಾಲು, ಮೀಸೆ ಒರೆಸಿಕೊಳ್ಳುವುದರಲ್ಲೇ ಹೊತ್ತು ಕಳೆಯುತ್ತದೆ. ಸೌತೆಯಂಥ ರೋಮ ಹೆಚ್ಚಿರುವ ಎಲೆಯಲ್ಲಿ ನಡಿಗೆ ಮೊದಲೇ ನಿಧಾನ, ಅಂಟೂ ಸೇರಿದರೆ ಹುಡುಕಾಟ ನಿಂತೇಹೋಗುತ್ತದೆ. ಬಿಟ್ಟ ಕಣಜದ ಮಕ್ಕಳು ಹೊರಬರಲು ಎರಡರಿಂದ ಮೂರು ವಾರ ಬೇಕು. ಅಷ್ಟರಲ್ಲಿ ಹಾರಾಡುತ್ತಿರುವ ಬಿಳಿನೊಣಗಳು ಮೊಟ್ಟೆ ಇಡುತ್ತಲೇ ಇರುತ್ತವೆ. ಕಣಜ ಅವುಗಳನ್ನು ಮುಟ್ಟುವುದಿಲ್ಲವಾದ್ದರಿಂದ ಮೊದಲ ಮೂರು ನಾಲ್ಕು ವಾರ ಗಿಡ ಅಲುಗಿಸಿದಾಗ ಮೇಲೇಳುವ ಬಿಳಿ ಹಿಂಡು ಕಡಿಮೆಯಾದಂತೆ ಕಾಣುವುದೇ ಇಲ್ಲ. ಇಲ್ಲಿ ತಾಳ್ಮೆಗೆಟ್ಟು ಕೀಟನಾಶಕ ಹೊಡೆದರೆ ಅಲ್ಲಿಯವರೆಗೆ ಮಾಡಿದ್ದೆಲ್ಲ ವ್ಯರ್ಥ.

ಆಗಲೇ ಬಿಳಿನೊಣ ತುಂಬಿಹೋಗಿದ್ದರೆ ದಾರಿಯಿಲ್ಲ ಎಂದೇನಲ್ಲ. ಮೊದಲು ಕೀಟನಾಶಕ ಸಾಬೂನಿನ ದ್ರಾವಣ ಅಥವಾ ತೋಟಗಾರಿಕೆಯ ಎಣ್ಣೆಯನ್ನು ಎಲೆಯಡಿ ಚೆನ್ನಾಗಿ ತೊಯ್ಯುವಂತೆ ಒಂದೆರಡು ಸಲ ಸಿಂಪಡಿಸಿ, ಸಂಖ್ಯೆ ಇಳಿಸಿ, ಎಲೆ ಪೂರ್ತಿ ಒಣಗಿದ ಮೇಲೆ ಕಣಜ ಬಿಡಬೇಕು. ಇವು ಹಸಿಯಾಗಿ ತಾಗಿದ ಕೀಟವನ್ನು ಕೊಲ್ಲುತ್ತವೆ, ಒಣಗಿದ ಮೇಲೆ ಅವುಗಳ ವಿಷ ಉಳಿಯುವುದಿಲ್ಲ. ಅದೇ ಕಾರಣಕ್ಕೆ ಕಣಜ ಬಿಟ್ಟ ಮೇಲೆ ಎಲ್ಲ ಗಿಡಕ್ಕೂ ಸಿಂಪಡಿಸಬಾರದು; ಕೀಟ ಹೆಚ್ಚಿರುವ ಗಿಡಗಳ ತುದಿಭಾಗಕ್ಕೆ ಮಾತ್ರ ಸಾಕು.

ಬಿಡುವ ಕ್ರಮ

ಬೆಳೆ ನೆಟ್ಟ ಕೂಡಲೇ ಹಳದಿ ಅಂಟುಬಲೆಗಳನ್ನು ಗಿಡದ ತುದಿಗಿಂತ ತುಸು ಮೇಲೆ ತೂಗುಹಾಕಿ, ವಾರಕ್ಕೊಮ್ಮೆ ಎಣಿಸಿ. ಬಾಗಿಲು, ಗಾಳಿಕಿಂಡಿ, ಬೆಚ್ಚಗಿನ ಮೂಲೆಗಳಲ್ಲಿ ಮೊದಲು ಕಾಣಿಸುತ್ತದೆ. ಬಿಳಿನೊಣ ಪ್ರತಿವರ್ಷ ಬರುವ ಜಾಗವಾದರೆ ಕಾಣಿಸುವವರೆಗೂ ಕಾಯದೆ ಚದರ ಮೀಟರಿಗೆ ವಾರಕ್ಕೆ 1ರಿಂದ 2 ಕಣಜದಂತೆ ಬಿಡುತ್ತ ಬರುವುದು ಒಳ್ಳೆಯದು. ಒಂದೆರಡು ಬಿಳಿನೊಣ ಕಂಡ ಮೇಲೆ ವಾರಕ್ಕೆ 3ರಿಂದ 5. ಕೆಲವೇ ಗಿಡಗಳಲ್ಲಿ ಒತ್ತಾಗಿದ್ದರೆ ಆ ಗಿಡಗಳ ಸುತ್ತ 9–10ರವರೆಗೆ. ಒಂದೇ ಸಲ ದೊಡ್ಡ ಸಂಖ್ಯೆಯಲ್ಲಿ ಬಿಡುವುದಕ್ಕಿಂತ ವಾರಕ್ಕೊಮ್ಮೆ ಕಡಿಮೆ ಕಡಿಮೆ ಬಿಡುವುದು ಯಾವಾಗಲೂ ಮೇಲು, ಏಕೆಂದರೆ ಕಣಜಕ್ಕೆ ಬೇಕಾದ ಹಂತದ ಮರಿ ಎಲ್ಲ ದಿನವೂ ಇರುವುದಿಲ್ಲ. ಕಡಿಮೆಯೆಂದರೂ ನಾಲ್ಕು ವಾರ, ಎಲೆಗಳಲ್ಲಿ ಕಪ್ಪು ಹುರುಪೆ ಎಲ್ಲೆಡೆ ಕಾಣುವವರೆಗೆ ನಿಲ್ಲಿಸಬಾರದು.

ಕಣಜ ಬರುವುದು ರಟ್ಟಿನ ಕಾರ್ಡಿಗೆ ಅಂಟಿಸಿದ ಕಪ್ಪು ಕೋಶಗಳ ರೂಪದಲ್ಲಿ. ಬಂದ ದಿನವೇ ಬಳಸಿ. ಆಗದಿದ್ದರೆ 8–10 ಡಿಗ್ರಿಯಲ್ಲಿ ಒಂದು, ಹೆಚ್ಚೆಂದರೆ ಎರಡು ದಿನ ಇಡಬಹುದು. ಅದಕ್ಕಿಂತ ಹೆಚ್ಚು ಇಟ್ಟರೆ ಹೊರಬರುವ ಸಂಖ್ಯೆಯೂ ಅವುಗಳ ಆಯಸ್ಸೂ ಕುಗ್ಗುತ್ತದೆ. ಕೋಶವಿರುವ ಭಾಗವನ್ನು ಬೆರಳಿನಿಂದ ಮುಟ್ಟಬೇಡಿ, ಒತ್ತಿದರೆ ಒಡೆಯುತ್ತವೆ. ಕಾರ್ಡನ್ನು ಗಿಡದ ಕೆಳ ಮೂರನೇ ಒಂದು ಭಾಗದಲ್ಲಿ, ಎಲೆಯ ನೆರಳಿನಲ್ಲಿ, ತೊಟ್ಟಿಗೆ ಸಿಕ್ಕಿಸಿ. ನೇರ ಬಿಸಿಲು ಬಿದ್ದರೆ ರಟ್ಟು ಕಾದು ಕೋಶಗಳು ಒಣಗುತ್ತವೆ. ನೀರು ಸಿಂಪಡಿಸುವಾಗ ತೊಯ್ಯುವ ಜಾಗವೂ ಬೇಡ. ಕಾರ್ಡುಗಳನ್ನು ಒಂದೇ ಕಡೆ ಗುಂಪಾಗಿ ಹಾಕದೆ ಸಾಲುಗಳ ಉದ್ದಕ್ಕೂ ಸಮನಾಗಿ ಹಂಚಿ. ಹೊರಬರುವುದು ಹಲವು ದಿನಗಳ ತನಕ ನಡೆಯುವುದರಿಂದ ಕಾರ್ಡನ್ನು ಎರಡು ವಾರ ತೆಗೆಯಬೇಡಿ.

ಬಂದ ಸರಕು ಜೀವಂತವಾಗಿದೆಯೇ ಎಂದು ತಿಳಿಯಲು ಒಂದು ಕಾರ್ಡನ್ನು ಪ್ರತ್ಯೇಕವಾಗಿ ಗಾಜಿನ ಬಾಟಲಿಯಲ್ಲಿ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ಬೆಳೆ ಇರುವ ಕೋಣೆಯಲ್ಲೇ ನೆರಳಿನಲ್ಲಿಡಿ. ಎರಡು ವಾರದ ಮೇಲೆ ಭೂತಗನ್ನಡಿಯಲ್ಲಿ ದುಂಡು ತೂತಿರುವ ಕೋಶ ಎಷ್ಟು, ಮುಚ್ಚಿಕೊಂಡೇ ಇರುವುದು ಎಷ್ಟು ಎಂದು ಎಣಿಸಿ. ಅರ್ಧಕ್ಕಿಂತ ಹೆಚ್ಚು ಮುಚ್ಚಿಕೊಂಡಿದ್ದರೆ ಸಾಗಣೆಯಲ್ಲೋ ದಾಸ್ತಾನಿನಲ್ಲೋ ಬಿಸಿ ಅಥವಾ ತಂಪು ತಗುಲಿದೆ. ಪ್ರತಿ ಸಲವೂ ಮಾಡಬೇಕಾದ ಪರೀಕ್ಷೆಯಿದು. ಬಿಟ್ಟದ್ದು ಸತ್ತ ಕೋಶಗಳೋ ಬದುಕಿದ್ದವೋ ಎಂಬುದೇ ಗೊತ್ತಿಲ್ಲದೆ ಮುಂದಿನ ಯಾವ ಲೆಕ್ಕಕ್ಕೂ ಅರ್ಥವಿಲ್ಲ.

ಕೆಲಸ ಕೆಡುವುದು ಎಲ್ಲಿ

ಕೀಟನಾಶಕದ ಉಳಿಕೆ ಮೊದಲನೆಯದು. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್‌ನಂಥ ಪೈರೆಥ್ರಾಯ್ಡ್‌ಗಳು ಎಲೆಯ ಮೇಲೆ, ಪಾಲಿಹೌಸಿನ ಹೊದಿಕೆ ಮತ್ತು ಕಂಬಗಳ ಮೇಲೆ ಉಳಿದು 8ರಿಂದ 12 ವಾರದವರೆಗೂ ಈ ಸಣ್ಣ ಕಣಜವನ್ನು ಕೊಲ್ಲಬಲ್ಲವು. ಬೆಳೆಗಾರರು ತಾವು ಹೊಡೆದದ್ದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಸಸಿ ತಂದ ನರ್ಸರಿಯಲ್ಲಿ ಏನು ಹೊಡೆದಿದ್ದರು ಎಂದು ಕೇಳುವುದಿಲ್ಲ. ಅದನ್ನು ಕೇಳಲೇಬೇಕು. ಆರ್ಗನೋಫಾಸ್ಫೇಟ್ ಗುಂಪಿನವು, ಇಮಿಡಾಕ್ಲೋಪ್ರಿಡ್ ಬಳಗದವು ಕೂಡ ಕಣಜಕ್ಕೆ ಮಾರಕ. ಬೂದಿರೋಗಕ್ಕೆ ಹಾಕುವ ಗಂಧಕದ ಪುಡಿಯೂ ಒಳ್ಳೆಯದಲ್ಲ. ಕೀಟದ ಪೊರೆ ಬಿಡುವಿಕೆಯನ್ನು ತಡೆಯುವ ಬುಪ್ರೊಫೆಜಿನ್ ಇವುಗಳಿಗೆ ಹೋಲಿಸಿದರೆ ಎನ್ಕಾರ್ಸಿಯದ ಮಟ್ಟಿಗೆ ಸೌಮ್ಯ.

ಅನುಮಾನವಿದ್ದರೆ ಪರೀಕ್ಷೆ ಕಷ್ಟವಲ್ಲ. ಬೆಳೆಯಿಂದ ಒಂದು ಎಲೆ, ಔಷಧ ಕಾಣದ ಅದೇ ಜಾತಿಯ ಗಿಡದಿಂದ ಇನ್ನೊಂದು ಎಲೆ ತೆಗೆದು, ಎರಡು ಬಾಟಲಿಗಳಲ್ಲಿ ಬೇರೆ ಬೇರೆ ಹಾಕಿ, ತಲಾ ಹತ್ತು ಕಣಜ ಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ, ಒಂದು ದಿನ ತಂಪಾದ ನೆರಳಿನಲ್ಲಿಡಿ. ಎರಡರಲ್ಲಿ ಸತ್ತವುಗಳ ಸಂಖ್ಯೆ ಎದ್ದುಕಾಣುವಷ್ಟು ಬೇರೆಯಾಗಿದ್ದರೆ ಇನ್ನೂ ಕಾಯಬೇಕು.

ಎರಡನೆಯದು ಎಲೆ ಕೀಳುವುದು. ಹಸಿರುಮನೆಯ ಟೊಮೆಟೊದಲ್ಲಿ ಗೊನೆಗಳಿಗೆ ಗಾಳಿ ಬೆಳಕು ಸಿಗಲೆಂದು ಕೆಳ ಎಲೆಗಳನ್ನು ತೆಗೆಯುತ್ತಾರೆ. ಕಪ್ಪು ಕೋಶಗಳಿರುವುದು ಅದೇ ಎಲೆಗಳಲ್ಲಿ. ವಾರಕ್ಕೊಮ್ಮೆ ಕಿತ್ತು ಹೊರಗೆ ಸಾಗಿಸಿದರೆ ಹೊರಬರಲಿದ್ದ ಕಣಜಗಳೆಲ್ಲ ಗೊಬ್ಬರದ ಗುಂಡಿ ಸೇರುತ್ತವೆ. ತುದಿಯಲ್ಲಿರುವ ಬಿಳಿನೊಣ ಮಾತ್ರ ಉಳಿಯುತ್ತದೆ. ಕೀಳುವ ಮುನ್ನ ಎಲೆ ಮಗುಚಿ ನೋಡಿ. ಕಪ್ಪು ಹುರುಪೆಗಳೇ ಹೆಚ್ಚಿದ್ದು ತೂತು ಬಿದ್ದಿಲ್ಲದಿದ್ದರೆ ಎಲೆ ಕೀಳುವುದನ್ನು ಒಂದು ವಾರ ಮುಂದೂಡಿ, ಅಥವಾ ಕಿತ್ತ ಎಲೆಗಳನ್ನು ಸಾಲಿನಲ್ಲೇ ನೆರಳಿನಲ್ಲಿ ಒಂದೆರಡು ವಾರ ಬಿಡಿ. ಎಲೆ ಒಣಗಿದರೂ ಕೋಶವಾಗಿರುವ ಕಣಜ ಹೊರಬರುತ್ತದೆ. ಎಲೆಯ ರಸ ಬೇಕಾದ ಎಳೆಯ ಬಿಳಿನೊಣದ ಮರಿ ಎಲೆಯ ಜೊತೆಗೇ ಸಾಯುತ್ತದೆ. ಎಲೆಯಲ್ಲಿ ಕೆಂಪು ಕಣ್ಣು ಕಾಣುವ ಬಿಳಿನೊಣದ ಕೋಶಗಳೇ ಹೆಚ್ಚಿದ್ದರೆ ಮಾತ್ರ ಚೀಲಕ್ಕೆ ಹಾಕಿ ಹೊರಗೆ ಒಯ್ಯಿರಿ.

ಉಷ್ಣಾಂಶದ ವಿಷಯದಲ್ಲಿ ಎನ್ಕಾರ್ಸಿಯ ನಾಜೂಕು. 17–18 ಡಿಗ್ರಿಗಿಂತ ಕೆಳಗೆ ಅದು ಹಾರುವುದೇ ಅಪರೂಪ, ಕಾರ್ಡ್ ಇರುವ ಗಿಡದಲ್ಲೇ ಉಳಿದುಬಿಡುತ್ತದೆ. ಮಬ್ಬು ಬೆಳಕೂ ಅದನ್ನು ಮಂದಗೊಳಿಸುತ್ತದೆ. 30 ಡಿಗ್ರಿ ದಾಟಿದರೆ ಮೊಟ್ಟೆ ಹೆಚ್ಚಿಟ್ಟರೂ ಆಯಸ್ಸು ಕೆಲವೇ ದಿನಕ್ಕೆ ಇಳಿಯುತ್ತದೆ. ಚಳಿಯ ದಿನಗಳಲ್ಲಿ ಕಾರ್ಡುಗಳನ್ನು ಹೆಚ್ಚು ಕಡೆ ಹಂಚಬೇಕು. ಸೆಕೆಯಲ್ಲಿ ಎರೆಟ್ಮೋಸೆರಸ್‌ಗೆ ಬದಲಾಯಿಸಬೇಕು.

ಇರುವೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ಕಡಿಮೆ. ಅಂಟು ದ್ರವಕ್ಕಾಗಿ ಬರುವ ಇರುವೆಗಳು ಕಣಜವನ್ನು ಓಡಿಸುತ್ತವೆ, ಕಾರ್ಡಿನಿಂದ ಕೋಶಗಳನ್ನೇ ಹೊತ್ತೊಯ್ಯುತ್ತವೆ. ಕಾರ್ಡ್ ತೂಗುಹಾಕುವ ದಾರಕ್ಕೆ ಗ್ರೀಸ್ ಸವರಿದರೆ ಕಾರ್ಡ್ ಉಳಿಯುತ್ತದೆ. ಗಿಡದ ಮೇಲಿನ ಇರುವೆಗೆ ಗೂಡಿನ ಬಳಿಯೇ ಉಪಾಯ ಮಾಡಬೇಕು. ಹಳದಿ ಅಂಟುಬಲೆಯ ವಿಚಾರದಲ್ಲೂ ಎಚ್ಚರ ಬೇಕು: ಎಣಿಕೆಗೆ ಬೇಕಾದಷ್ಟು ಮಾತ್ರ ಇರಲಿ. ಸಾಲಿನುದ್ದಕ್ಕೂ ಬಲೆ ಕಟ್ಟಿದರೆ ಹಳದಿಗೆ ಆಕರ್ಷಿತವಾಗುವ ಎರೆಟ್ಮೋಸೆರಸ್ ಕೂಡ ಅಂಟಿ ಸಾಯುತ್ತದೆ.

ನಂಜುರೋಗ ಇರುವ ಕಡೆ ಬರೀ ಕಣಜವನ್ನು ನಂಬುವುದು ತಪ್ಪು. ನಂಜು ಹೊತ್ತ ಬೆಮಿಸಿಯಾ ಗಿಡದ ಮೇಲೆ ಸ್ವಲ್ಪ ಹೊತ್ತು ಕೂತು ರಸ ಹೀರಿದರೂ ರೋಗ ದಾಟುತ್ತದೆ, ಕಣಜ ಆ ಕೀಟವನ್ನು ಮುಟ್ಟುವುದಿಲ್ಲ. ಅಲ್ಲಿ 50 ಮೆಶ್, ಅಂದರೆ ಇಂಚಿಗೆ 50 ಕಣ್ಣುಗಳಿರುವ ಬಲೆಯಿಂದ ಕೀಟ ಒಳಬರದಂತೆ ತಡೆಯುವುದು, ರೋಗ ತಡೆಯುವ ತಳಿ, ರೋಗದ ಗಿಡ ಕಂಡ ಕೂಡಲೇ ಕೀಳುವುದು ಮೊದಲು. ಒಳಗೆ ನುಸುಳಿದ ಕೆಲವೇ ಕೀಟಗಳು ಹಿಂಡಾಗದಂತೆ ನೋಡಿಕೊಳ್ಳಲು ಕಣಜ. ಮೊಟ್ಟೆ, ಎಳೆ ಮರಿಗಳನ್ನು ತಿನ್ನುವ ಪರಭಕ್ಷಕಗಳೂ ಜೊತೆಗಿದ್ದರೆ ಬಲ ಹೆಚ್ಚು. ಸೌತೆ, ದಪ್ಪ ಮೆಣಸಿನಕಾಯಿಯಲ್ಲಿ ಆ್ಯಂಬ್ಲಿಸಿಯಸ್ ಸ್ವಿರ್ಸ್ಕಿ ಎಂಬ ನುಸಿ ಈ ಕೆಲಸ ಚೆನ್ನಾಗಿ ಮಾಡುತ್ತದೆ. ಟೊಮೆಟೊ ಎಲೆಯ ಅಂಟು ರೋಮಗಳಲ್ಲಿ ಅದು ನಿಲ್ಲುವುದಿಲ್ಲ.

ಲೆಕ್ಕ ಹಿಡಿಯುವುದು

ಕಣಜ ಬಿಟ್ಟು ಎರಡು ವಾರದ ಮೇಲೆ ಮೊದಲ ಕಪ್ಪು ಹುರುಪೆಗಳು ಕಾಣಬೇಕು. ಆಮೇಲೆ ವಾರಕ್ಕೊಮ್ಮೆ ಬೇರೆ ಬೇರೆ ಗಿಡಗಳಿಂದ ಸುಮಾರು 20 ಎಲೆಗಳನ್ನು ನೋಡಿ, ನಾಲ್ಕನೇ ಹಂತದ ಬಿಳಿ ಹುರುಪೆ ಮತ್ತು ಕಪ್ಪು ಹುರುಪೆಗಳನ್ನು ಮಾತ್ರ ಎಣಿಸಿ. ಖಾಲಿ ಸಿಪ್ಪೆಗಳನ್ನು ಸೇರಿಸಬೇಡಿ. ಅವು ವಾರಗಟ್ಟಲೆ ಅಂಟಿಕೊಂಡೇ ಇದ್ದು ಹಳೆಯ ಕಥೆ ಹೇಳುತ್ತವೆ. ಎಳೆಯ ಮರಿಗಳನ್ನೂ ಸೇರಿಸಬೇಡಿ, ಒಳಗೆ ಕಣಜದ ಮೊಟ್ಟೆ ಇದ್ದರೂ ಅವುಗಳ ಬಣ್ಣ ಬದಲಾಗಿರುವುದಿಲ್ಲ. ಗಿಡದ ತುದಿಯ ಎಲೆ ತೆಗೆದು ‘ಒಂದೂ ಕಪ್ಪಿಲ್ಲ’ ಎನ್ನುವುದು ಅತಿ ಸಾಮಾನ್ಯ ತಪ್ಪು. ಬಲಿತ ಮರಿಗಳಿರುವ ನಡು ಮತ್ತು ಕೆಳ ಎಲೆಗಳೇ ಬೇಕು.

ಆರರಿಂದ ಎಂಟು ವಾರದಲ್ಲಿ ನೂರಕ್ಕೆ 80ರಷ್ಟು ಕಪ್ಪಾಗಿದ್ದರೆ ಬೆಳೆ ಮುಗಿಯುವವರೆಗೆ ಸಾಮಾನ್ಯವಾಗಿ ಹಿಡಿತದಲ್ಲಿರುತ್ತದೆ. 50ರ ಸುತ್ತ ನಿಂತುಬಿಟ್ಟರೆ ಕಣಜ ಹೆಚ್ಚಿಸುವ ಮೊದಲು ಕಾರಣ ಹುಡುಕಿ: ಉಳಿಕೆ, ಎಲೆ ಕೀಳುವುದು, ಇರುವೆ, ತಂಪು, ಈ ಕ್ರಮದಲ್ಲಿ.

ಬಯಲಿನಲ್ಲಿ

ಎನ್ಕಾರ್ಸಿಯ ಫಾರ್ಮೋಸವನ್ನು 1924ರಲ್ಲಿ ವಿಜ್ಞಾನಕ್ಕೆ ಪರಿಚಯಿಸಲಾಯಿತು. 1926ರಲ್ಲಿ ಇಂಗ್ಲೆಂಡಿನ ಟೊಮೆಟೊ ಬೆಳೆಗಾರರೊಬ್ಬರು ಬಿಳಿನೊಣದ ಮರಿಗಳ ಮಧ್ಯೆ ಕಪ್ಪು ಬಣ್ಣದವನ್ನು ಕಂಡು ತಜ್ಞರಿಗೆ ತೋರಿಸಿದ್ದರಿಂದ ಚೆಷಂಟ್ ಸಂಶೋಧನಾ ಕೇಂದ್ರದಲ್ಲಿ ಇದನ್ನು ಸಾಕಿ ಹಂಚುವುದು ಆರಂಭವಾಯಿತು. ಎರಡನೇ ಮಹಾಯುದ್ಧದ ನಂತರ ಡಿಡಿಟಿಯಂಥ ಕೀಟನಾಶಕಗಳು ಬಂದು ಅದನ್ನು ಮೂಲೆಗೆ ತಳ್ಳಿದವು; ಅವಕ್ಕೆ ಬಿಳಿನೊಣ ಜಗ್ಗದಾದಾಗ, 1970ರ ದಶಕದಲ್ಲಿ, ಕಣಜ ಮತ್ತೆ ಬಳಕೆಗೆ ಬಂತು. ಇದೆಲ್ಲ ಮುಚ್ಚಿದ ಮನೆಗಳ ಮಾತು. ಬಯಲು ಬೆಳೆಯಲ್ಲಿ ಕಾರ್ಡ್ ತಂದು ಬಿಡುವುದರಿಂದ ಖರ್ಚಿಗೆ ತಕ್ಕ ಫಲ ಸಿಗುವುದು ಕಡಿಮೆ. ಅಲ್ಲಿ ಎರಡು ಬೇರೆ ದಾರಿಗಳು ಗೆದ್ದಿವೆ.

ಒಂದು, ಹೊರಗಿನಿಂದ ನುಗ್ಗಿದ ಬಿಳಿನೊಣಕ್ಕೆ ಅದರ ತವರಿನ ಕಣಜವನ್ನು ತಂದು ನೆಲೆಗೊಳಿಸುವುದು. 1988ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕಾಣಿಸಿಕೊಂಡು ಬೀದಿಮರಗಳನ್ನು ಬೋಳು ಮಾಡುತ್ತಿದ್ದ ಆ್ಯಶ್ ಬಿಳಿನೊಣವನ್ನು ಎನ್ಕಾರ್ಸಿಯ ಇನಾರಾನ್ ಕೆಲವೇ ವರ್ಷಗಳಲ್ಲಿ ಹುಡುಕಿದರೂ ಸಿಗದ ಮಟ್ಟಕ್ಕೆ ಇಳಿಸಿತು. ಮೆಕ್ಸಿಕೋದ ಕಿತ್ತಳೆ, ನಿಂಬೆ ತೋಟಗಳನ್ನು ಕಾಡಿದ ಕಪ್ಪುನೊಣವೂ ಬಿಳಿನೊಣದ ಕುಟುಂಬದ್ದೇ. ಅದಕ್ಕೆ 1949–50ರ ಸುಮಾರಿಗೆ ಭಾರತ, ಪಾಕಿಸ್ತಾನಗಳಿಂದ ಒಯ್ದ ಕಣಜಗಳು ಅಲ್ಲಿ ಅದನ್ನು ಹತೋಟಿಗೆ ತಂದವು.

ಇನ್ನೊಂದು, ಇರುವ ಕಣಜವನ್ನು ಕೊಲ್ಲದಿರುವುದು. 2016ರಲ್ಲಿ ಭಾರತದಲ್ಲಿ ಮೊದಲ ಬಾರಿಗೆ ತೆಂಗಿನಲ್ಲಿ ಕಂಡ ರುಗೋಸ್ ಸುರುಳಿ ಬಿಳಿನೊಣ ಇದಕ್ಕೆ ಉದಾಹರಣೆ. ಅದರ ಮೇಲೆ ಎನ್ಕಾರ್ಸಿಯ ಗ್ವಾಡಲೂಪೆ ಎಂಬ ಕಣಜ ತಾನಾಗಿಯೇ ಕಾಣಿಸಿಕೊಂಡಿತು. ಅಲ್ಲಿ ಕೊಡುವ ಮೊದಲ ಸಲಹೆಯೇ ಕೀಟನಾಶಕ ಬೇಡ ಎಂಬುದು. ಕಣಜ ನೆಲೆಯೂರಿದ ಮರದಿಂದ ಕಪ್ಪು ಕೋಶಗಳಿರುವ ಗರಿಯ ತುಂಡುಗಳನ್ನು ಕತ್ತರಿಸಿ, ಕೀಟ ಈಗಷ್ಟೇ ಬಿದ್ದಿರುವ ಮರದ ಕೆಳಗರಿಗಳಿಗೆ ಸಿಕ್ಕಿಸಬಹುದು. ಕತ್ತರಿಸುವ ಮುನ್ನ ತುಂಡನ್ನು ಭೂತಗನ್ನಡಿಯಲ್ಲಿ ನೋಡಿ, ದುಂಡು ತೂತು ಬಿದ್ದಿರದ ಕಪ್ಪು ಕೋಶಗಳೇ ತುಂಬಿರುವುದನ್ನು ಆರಿಸಿಕೊಳ್ಳಿ. ಬಿಳಿನೊಣದ ಮೊಟ್ಟೆ, ಜೀವಂತ ಮರಿ ಬೆರೆತ ತುಂಡು ಬೇಡ. ಕೀಟ ಇನ್ನೂ ಕಾಲಿಡದ ತೋಟಕ್ಕಂತೂ ಯಾವ ತುಂಡನ್ನೂ ಒಯ್ಯಬಾರದು.